ಕೋಡ್ ಕವರೇಜ್ ಟೂಲ್ ಅಪ್‌ಡೇಟ್ ಮಾಡುವುದು ಹೇಗೆ: ಜಿಕವ್, ಎಲ್‌ಕವ್ ಬಳಸುವವರಿಗೆ ಹಂತ ಹಂತವಾಗಿ

"ಉಬುಂಟು ಅಪ್‌ಗ್ರೇಡ್ ಮಾಡಿದೆ, ಈಗ ಕವರೇಜ್ ರಿಪೋರ್ಟ್ ಬರುತ್ತಿಲ್ಲ, ಏನು ಮಾಡಲಿ?" ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಉದ್ಯಮಬಾಗ್ ಕಡೆ ಮಷಿನ್ ಕಂಟ್ರೋಲರ್‌ಗಳಿಗೆ ಸಾಫ್ಟ್‌ವೇರ್ ಬರೆಯುವವರು, ಬಾಗಲಕೋಟೆ ವಿಜಯಪುರದಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಎಲ್ಲರೂ ಕೇಳುವುದು ಇದನ್ನೇ. ಉಬುಂಟು ಅನ್ನುವ ಲಿನಕ್ಸ್‌ನ 20.04 ಆವೃತ್ತಿಯ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿಯಿತು. ಅಲ್ಲಿಂದ ಲ್ಯಾಬ್‌ಗಳಲ್ಲೂ ಆಫೀಸುಗಳಲ್ಲೂ 22.04 ಅಥವಾ 24.04ಕ್ಕೆ ಹೋಗುವವರು ಜಾಸ್ತಿಯಾಗಿದ್ದಾರೆ, ಪ್ರಶ್ನೆಗಳೂ ಜಾಸ್ತಿಯಾಗಿವೆ. ಅದಕ್ಕೇ ಒಂದೇ ಕಡೆ ಪೂರ್ತಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಗೀಟು, ಚುಕ್ಕೆ, ಸಮ ಚಿಹ್ನೆ ಇರುವಲ್ಲೇ ಇರಲಿ.

ಯಾರ ಕೆಲಸ ಏನು

ಕೋಡ್ ಕವರೇಜ್ ಅಂದರೆ ನಿಮ್ಮ ಟೆಸ್ಟ್‌ಗಳು ಓಡಿದಾಗ ಸೋರ್ಸ್ ಕೋಡ್‌ನ ಯಾವ ಸಾಲುಗಳು ನಿಜವಾಗಿ ಓಡಿದವು, ಯಾವುವು ಓಡಲೇ ಇಲ್ಲ ಅನ್ನುವ ಲೆಕ್ಕ. ಸಿ, ಸಿ++ ಬರೆಯುವವರಿಗೆ ಯುನಿಕ್ಸ್, ಲಿನಕ್ಸ್‌ನಲ್ಲಿ ಈ ಲೆಕ್ಕ ಒಂದೇ ಪ್ರೋಗ್ರಾಂನಿಂದ ಬರುವುದಿಲ್ಲ. ಮೂರು ನಾಲ್ಕು ಪ್ರೋಗ್ರಾಂಗಳು ಒಂದರ ಕೈಯಿಂದ ಇನ್ನೊಂದರ ಕೈಗೆ ಫೈಲ್ ದಾಟಿಸುತ್ತವೆ. ಅಪ್‌ಡೇಟ್ ಮಾಡಿದ ಮೇಲೆ ಏನಾದರೂ ಕೆಟ್ಟರೆ ಅದು ಬಹುಪಾಲು ಈ ದಾಟಿಸುವ ಜಾಗದಲ್ಲೇ ಕೆಟ್ಟಿರುತ್ತದೆ.

ಮೊದಲು ಜಿಸಿಸಿ, ಅಂದರೆ ಕಂಪೈಲರ್. --ಕವರೇಜ್ ಅನ್ನುವ ಆಯ್ಕೆ ಕೊಟ್ಟರೆ ಅದು ನಿಮ್ಮ ಕೋಡ್‌ನೊಳಗೆ ಅಲ್ಲಲ್ಲಿ ಎಣಿಕೆಗಾರರನ್ನು ಕೂರಿಸುತ್ತದೆ, ಜೊತೆಗೆ .ಜಿಸಿಎನ್‌ಒ ಅನ್ನುವ ಫೈಲ್ ಬರೆಯುತ್ತದೆ. ಈ ಫೈಲ್‌ನಲ್ಲಿ ಕೋಡ್‌ನ ನಕ್ಷೆ ಇರುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಂ ಓಡಿ ಮುಗಿಯುವಾಗ .ಜಿಸಿಡಿಎ ಅನ್ನುವ ಇನ್ನೊಂದು ಫೈಲ್ ಹುಟ್ಟುತ್ತದೆ. ಅದರಲ್ಲಿ ಎಣಿಕೆ ಇರುತ್ತದೆ. ಇವೆರಡನ್ನೂ ಓದಿ ಸಾಲು ಸಾಲಿಗೆ ಎಷ್ಟು ಸಲ ಓಡಿತು ಅಂತ ಹೇಳುವುದು ಜಿಕವ್. ಇದು ಜಿಸಿಸಿ ಜೊತೆಗೇ ಬರುತ್ತದೆ. ಬೇರೆ ಪ್ಯಾಕೇಜ್ ಹುಡುಕಬೇಡಿ. ಕೊನೆಗೆ ಎಲ್‌ಕವ್. ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್‌ನವರ ಈ ಟೂಲ್ ಪರ್ಲ್ ಭಾಷೆಯಲ್ಲಿದೆ. ಪ್ರಾಜೆಕ್ಟ್‌ನ ಎಲ್ಲ ಫೈಲುಗಳ ಲೆಕ್ಕವನ್ನು ಜಿಕವ್‌ನಿಂದ ಪಡೆದು ಒಂದು .ಇನ್ಫೋ ಫೈಲಿಗೆ ಸೇರಿಸುತ್ತದೆ. ಅದರ ಜೊತೆಗಾರ ಜೆನ್‌ಎಚ್‌ಟಿಎಂಎಲ್ ಆ ಫೈಲನ್ನು ಬ್ರೌಸರ್‌ನಲ್ಲಿ ನೋಡುವ ಪುಟಗಳಾಗಿ ಮಾಡುತ್ತದೆ.

ಜನ ಸಾಮಾನ್ಯವಾಗಿ ಎಲ್‌ಕವ್ ಒಂದನ್ನೇ ಅಪ್‌ಡೇಟ್ ಮಾಡುತ್ತಾರೆ, ಇಲ್ಲವೇ ಜಿಸಿಸಿ ಒಂದನ್ನೇ. ತೊಂದರೆ ಶುರುವಾಗುವುದೇ ಅಲ್ಲಿ.

ಹಂತ 1: ಈಗ ಏನಿದೆ, ಬರೆದಿಟ್ಟುಕೊಳ್ಳಿ

ಏನನ್ನೂ ಮುಟ್ಟುವ ಮೊದಲು ಮೂರು ಕಮಾಂಡ್ ಓಡಿಸಿ: ಜಿಸಿಸಿ --ವರ್ಷನ್, ಜಿಕವ್ --ವರ್ಷನ್, ಎಲ್‌ಕವ್ --ವರ್ಷನ್. ಬಂದ ಉತ್ತರವನ್ನು ಒಂದು ಫೈಲಿಗೆ ಹಾಕಿ. ಮೊದಲ ಎರಡರ ಸಂಖ್ಯೆ ಒಂದೇ ಇರಬೇಕು. ಇಲ್ಲದಿದ್ದರೆ ನಿಮ್ಮ ತೊಂದರೆ ಅಪ್‌ಡೇಟ್‌ಗಿಂತ ಮೊದಲಿಂದಲೂ ಇದೆ ಅಂತ ಅರ್ಥ, 3ನೇ ಹಂತ ನೋಡಿ.

ಉಬುಂಟು 22.04ರಲ್ಲಿ ಜಿಸಿಸಿ 11 ಮತ್ತು ಎಲ್‌ಕವ್ 1.15 ಬರುತ್ತವೆ. 24.04ರಲ್ಲಿ ಜಿಸಿಸಿ 13 ಮತ್ತು ಎಲ್‌ಕವ್ 2.0. ಡೆಬಿಯನ್ 12ರಲ್ಲಿ ಜಿಸಿಸಿ 12, ಎಲ್‌ಕವ್ 1.16. ಈ ಸಂಖ್ಯೆಗಳಲ್ಲಿ ನೀವು ಗಮನ ಇಡಬೇಕಾದದ್ದು 1ರಿಂದ 2ಕ್ಕೆ ಆದ ಜಿಗಿತ. ಎಲ್‌ಕವ್ 2.0 ಬಂದದ್ದು 2023ರಲ್ಲಿ. ಅದು ಹಳೆಯದಕ್ಕಿಂತ ತುಂಬಾ ಕಟ್ಟುನಿಟ್ಟು. ಮೊದಲು ಸುಮ್ನೆ ಬಿಟ್ಟುಬಿಡುತ್ತಿದ್ದ ಎಷ್ಟೋ ವಿಷಯಗಳಿಗೆ ಈಗ ಎರರ್ ಕೊಟ್ಟು ನಿಂತುಬಿಡುತ್ತದೆ.

ಹಂತ 2: ಹಳೆಯ ರಿಪೋರ್ಟ್ ಉಳಿಸಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಳೆಯ ಟೂಲ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಒಂದು ಪೂರ್ತಿ ರಿಪೋರ್ಟ್ ತೆಗೆಯಿರಿ. .ಇನ್ಫೋ ಫೈಲ್ ಮತ್ತು ಎಚ್‌ಟಿಎಂಎಲ್ ಪುಟಗಳು, ಎರಡನ್ನೂ ಪ್ರಾಜೆಕ್ಟ್ ಫೋಲ್ಡರಿನ ಹೊರಗೆ ಬೇರೆ ಜಾಗದಲ್ಲಿ ಇಡಿ. ಯಾವ ಕಮಿಟ್ (ಗಿಟ್‌ನಲ್ಲಿ ಉಳಿಸಿದ ಕೋಡ್‌ನ ಆವೃತ್ತಿ) ಮೇಲೆ ತೆಗೆದದ್ದು ಅನ್ನುವುದನ್ನೂ ಬರೆದಿಡಿ. ಅಪ್‌ಡೇಟ್ ಆದಮೇಲೆ ಅದೇ ಕಮಿಟ್ ಮೇಲೆ ಹೊಸ ರಿಪೋರ್ಟ್ ತೆಗೆದು ಹೋಲಿಸಬೇಕು. ಹಳೆಯದು ಇಲ್ಲದಿದ್ದರೆ, 82 ಇದ್ದ ಶೇಕಡಾ 79 ಆಗಿದ್ದು ಟೂಲಿನಿಂದಲೋ ಟೆಸ್ಟಿನಿಂದಲೋ ಅಂತ ಹೇಳಲು ದಾರಿಯೇ ಇರುವುದಿಲ್ಲ.

~/.ಎಲ್‌ಕವ್‌ಆರ್‌ಸಿ ಅನ್ನುವ ಸೆಟ್ಟಿಂಗ್ಸ್ ಫೈಲ್ ಇದ್ದರೆ ಅದನ್ನೂ ಕಾಪಿ ಮಾಡಿಡಿ. ಅದರಲ್ಲಿರುವ ಕೆಲವು ಹೆಸರುಗಳು 2.0ರಲ್ಲಿ ಬದಲಾಗಿವೆ, ಮುಂದೆ ಹೇಳುತ್ತೇನೆ.

ಹಂತ 3: ಕಂಪೈಲರ್ ಮತ್ತು ಜಿಕವ್ ಜೋಡಿ ಸರಿಮಾಡಿ

.ಜಿಸಿಎನ್‌ಒ, .ಜಿಸಿಡಿಎ ಫೈಲುಗಳ ತಲೆಯಲ್ಲಿ ಯಾವ ಜಿಸಿಸಿ ಬರೆದದ್ದು ಅನ್ನುವ ಗುರುತು ಇರುತ್ತದೆ. ಜಿಕವ್ ಆ ಗುರುತನ್ನು ತನ್ನದರ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ "ವರ್ಷನ್ 'ಬಿ14*', ಪ್ರಿಫರ್ 'ಎ94*'" ಅನ್ನುವಂಥ ಸಾಲು ಬರುತ್ತದೆ. ನೋಡಿದವರು ಗಾಬರಿಯಾಗುತ್ತಾರೆ, ಆದರೆ ಓದುವುದು ಸುಲಭ. ಎ ಅಂದರೆ 0ರಿಂದ 9ರವರೆಗಿನ ಜಿಸಿಸಿ, ಬಿ ಅಂದರೆ 10ರಿಂದ 19. ಹಾಗಾಗಿ ಎ94 ಅಂದರೆ 9.4, ಬಿ14 ಅಂದರೆ 11.4, ಬಿ32 ಅಂದರೆ 13.2. ಮೊದಲು ಬರುವುದು ಫೈಲಿನ ಗುರುತು, "ಪ್ರಿಫರ್" ಆದಮೇಲೆ ಬರುವುದು ಜಿಕವ್‌ನದು. ಅಂದರೆ ಮೇಲಿನ ಸಾಲಿನ ಅರ್ಥ: ಕೋಡ್ ಕಂಪೈಲ್ ಆದದ್ದು 11.4ರಲ್ಲಿ, ಓದಲು ಕೂತಿರುವುದು 9.4ರ ಜಿಕವ್.

ಈ ಸ್ಥಿತಿ ಬರುವುದು ಹೇಗೆ? ಒಂದೇ ಮಷಿನ್‌ನಲ್ಲಿ ಎರಡು ಜಿಸಿಸಿ ಇಟ್ಟುಕೊಂಡವರು ಅಪ್‌ಡೇಟ್-ಆಲ್ಟರ್ನೇಟಿವ್ಸ್ ಕಮಾಂಡಿನಿಂದ ಜಿಸಿಸಿ ಬದಲಿಸುತ್ತಾರೆ. ಯಾವ ಆವೃತ್ತಿ ಮುಖ್ಯ ಅಂತ ಸಿಸ್ಟಮ್‌ಗೆ ಹೇಳುವ ಕಮಾಂಡ್ ಅದು. ಅದು ಜಿಸಿಸಿಯನ್ನು ಮಾತ್ರ ಬದಲಿಸುತ್ತದೆ, ಜಿಕವ್ ಹಳೆಯದರ ಮೇಲೇ ಉಳಿಯುತ್ತದೆ. ನೋಂದಾಯಿಸುವಾಗ --ಸ್ಲೇವ್ ಆಯ್ಕೆಯಲ್ಲಿ ಅದೇ ಸಂಖ್ಯೆಯ ಜಿಕವ್ ಮತ್ತು ಜಿ++ (ಸಿ++ ಕಂಪೈಲರ್) ಎರಡನ್ನೂ ಸೇರಿಸಿ. ಆಗ ಮೂರೂ ಒಟ್ಟಿಗೇ ಬದಲಾಗುತ್ತವೆ.

ಮಷಿನ್ ನಿಮ್ಮದಲ್ಲ, ಅಡ್ಮಿನ್ ಅನುಮತಿ ಇಲ್ಲ ಅಂದರೆ ಸಿಸ್ಟಮ್ ಮುಟ್ಟದೇ ಕೆಲಸ ಮಾಡಬಹುದು. ಎಲ್‌ಕವ್ ಓಡಿಸುವಾಗ --ಜಿಕವ್-ಟೂಲ್ ಜಿಕವ್-13 ಅಂತ ಕೊಡಿ. ಯಾವ ಜಿಸಿಸಿಯಿಂದ ಕಂಪೈಲ್ ಮಾಡಿದಿರೋ ಅದರದೇ ಸಂಖ್ಯೆ ಹಾಕಿ.

ಜಿಸಿಸಿ ಅಪ್‌ಡೇಟ್‌ನಲ್ಲಿ ಇನ್ನೆರಡು ಬದಲಾವಣೆ ಗೊತ್ತಿರಲಿ, ಎರಡೂ ಜಿಸಿಸಿ 11ರಲ್ಲಿ ಬಂದವು. ಮೊದಲನೆಯದು, __ಜಿಕವ್_ಫ್ಲಶ್ ಅನ್ನುವ ಫಂಕ್ಷನ್ ತೆಗೆದುಹಾಕಿದ್ದಾರೆ. ಯಾವಾಗಲೂ ಓಡುತ್ತಲೇ ಇರುವ ಸರ್ವರ್ ಪ್ರೋಗ್ರಾಂಗಳಲ್ಲಿ ಎಣಿಕೆಯನ್ನು ಮಧ್ಯದಲ್ಲೇ ಬರೆಸಲು ಅದನ್ನು ಕರೆಯುತ್ತಿದ್ದರು. ಈಗ ಅದರ ಬದಲು __ಜಿಕವ್_ಡಂಪ್ ಕರೆದು ಆಮೇಲೆ __ಜಿಕವ್_ರೀಸೆಟ್ ಕರೆಯಬೇಕು. ಲಿಂಕ್ ಮಾಡುವಾಗ ಈ ಹೆಸರು ಸಿಗುತ್ತಿಲ್ಲ ಅನ್ನುವ ಎರರ್ ಬಂದರೆ ಕಾರಣ ಇದೇ. ಎರಡನೆಯದು ವಿದ್ಯಾರ್ಥಿಗಳಿಗೆ ತುಂಬಾ ಕಾಡುತ್ತದೆ, 6ನೇ ಹಂತದಲ್ಲಿ ಉದಾಹರಣೆ ಜೊತೆಗೇ ಬರುತ್ತದೆ.

ಹಂತ 4: ಎಲ್‌ಕವ್ ಹಾಕಿ

ಸುಲಭದ ದಾರಿ ನಿಮ್ಮ ಸಿಸ್ಟಮ್‌ನ ಪ್ಯಾಕೇಜ್. ಉಬುಂಟು, ಡೆಬಿಯನ್‌ನಲ್ಲಿ ಸುಡೊ ಆಪ್ಟ್ ಅಪ್‌ಡೇಟ್, ಆಮೇಲೆ ಸುಡೊ ಆಪ್ಟ್ ಇನ್‌ಸ್ಟಾಲ್ ಎಲ್‌ಕವ್. ಫೆಡೋರಾದಲ್ಲಿ ಡಿಎನ್‌ಎಫ್. ಪ್ಯಾಕೇಜಿನಲ್ಲಿ ಬರುವ ಆವೃತ್ತಿ ಅದೇ ಸಿಸ್ಟಮ್‌ನ ಜಿಸಿಸಿಗೆ ಸಾಮಾನ್ಯವಾಗಿ ಹೊಂದುತ್ತದೆ. ವಿಶೇಷ ಕಾರಣ ಇಲ್ಲದಿದ್ದರೆ ಇಲ್ಲೇ ನಿಲ್ಲಿ, ಹೊಸದು ಅಂತ ಸುಮ್ನೆ ಬೆನ್ನು ಹತ್ತಬೇಡಿ.

ವಿಶೇಷ ಕಾರಣ ಯಾವುದು? ಹಳೆಯ ಸಿಸ್ಟಮ್ ಇದೆ, ಹೊಸ ಜಿಸಿಸಿ ಹಾಕಿಕೊಂಡಿದ್ದೀರಿ. ಜಿಸಿಸಿ 9ರಿಂದ ಜಿಕವ್ ತನ್ನ ಮಧ್ಯದ ಲೆಕ್ಕವನ್ನು ಜೇಸನ್ ರೂಪದಲ್ಲಿ ಕೊಡುತ್ತದೆ, ಹಳೆಯ ಪಠ್ಯ ರೂಪ ಹೋಯಿತು. ಎಲ್‌ಕವ್ ಕಡೆ ಅದಕ್ಕೆ ಬೆಂಬಲ ಬಂದದ್ದು 1.15ರಲ್ಲಿ. ಅದಕ್ಕಿಂತ ಹಳೆಯ ಎಲ್‌ಕವ್ ಜೊತೆ ಹೊಸ ಜಿಸಿಸಿ ಇಟ್ಟರೆ ಕಷ್ಟಪಡುತ್ತೀರಿ.

ಹಾಗಿದ್ದರೆ ಗಿಟ್‌ಹಬ್‌ನಲ್ಲಿ ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್‌ನ ಎಲ್‌ಕವ್ ಪುಟಕ್ಕೆ ಹೋಗಿ ರಿಲೀಸ್ ಫೈಲ್ ಇಳಿಸಿಕೊಳ್ಳಿ. ಎಲ್ಲ ಪರ್ಲ್ ಸ್ಕ್ರಿಪ್ಟ್‌ಗಳೇ, ಕಂಪೈಲ್ ಮಾಡುವುದೇನೂ ಇಲ್ಲ. ಬಿಚ್ಚಿ, ಫೋಲ್ಡರಿನೊಳಗೆ ಹೋಗಿ ಮೇಕ್ ಇನ್‌ಸ್ಟಾಲ್ ಅಂದರೆ ಮುಗಿಯಿತು. ಕಾಲೇಜು ಲ್ಯಾಬ್‌ನಲ್ಲಿ ಅನುಮತಿ ಇಲ್ಲದವರು ಅದೇ ಕಮಾಂಡಿಗೆ ಪ್ರಿಫಿಕ್ಸ್= ಅಂತ ಸೇರಿಸಿ ತಮ್ಮ ಹೋಮ್ ಫೋಲ್ಡರಿನೊಳಗಿನ ಒಂದು ಜಾಗ ಕೊಡಬಹುದು. ಪ್ರಿಫಿಕ್ಸ್ ಪದ ಮಾತ್ರ ದೊಡ್ಡಕ್ಷರದಲ್ಲಿರಲಿ. ಆಮೇಲೆ ಆ ಜಾಗದ ಬಿನ್ ಫೋಲ್ಡರನ್ನು ಪಾತ್‌ಗೆ ಸೇರಿಸಿ. ಪಾತ್ ಅಂದರೆ ಕಮಾಂಡುಗಳನ್ನು ಶೆಲ್ ಹುಡುಕುವ ಜಾಗಗಳ ಪಟ್ಟಿ.

2.0ರಿಂದ ಮೇಲಿನದಕ್ಕೆ ಕೆಲವು ಪರ್ಲ್ ಮಾಡ್ಯೂಲ್‌ಗಳು ಬೇಕು. ಪ್ಯಾಕೇಜಿನಿಂದ ಹಾಕಿದರೆ ಅವು ತಾವೇ ಬರುತ್ತವೆ. ಕೈಯಿಂದ ಹಾಕಿದರೆ "ಕ್ಯಾಪ್ಚರ್/ಟೈನಿ.ಪಿಎಂ ಸಿಗುತ್ತಿಲ್ಲ" ಅನ್ನುವ ಅರ್ಥದ ಎರರ್ ನಿಮಗೆ ಕಾಣಿಸಬಹುದು. ಉಬುಂಟುವಿನಲ್ಲಿ ಲಿಬ್‌ಕ್ಯಾಪ್ಚರ್-ಟೈನಿ-ಪರ್ಲ್, ಲಿಬ್‌ಡೇಟ್‌ಟೈಮ್-ಪರ್ಲ್, ಲಿಬ್‌ಟೈಮ್‌ಡೇಟ್-ಪರ್ಲ್, ಲಿಬ್‌ಜೇಸನ್-ಎಕ್ಸ್‌ಎಸ್-ಪರ್ಲ್ ಹಾಕಿ. ನೆಟ್ ಇಲ್ಲದ ಲ್ಯಾಬ್‌ಗೆ ಪೆನ್‌ಡ್ರೈವ್‌ನಲ್ಲಿ ಒಯ್ಯುವವರು ಎಲ್‌ಕವ್ ಫೈಲ್ ಮಾತ್ರ ಒಯ್ದರೆ ಅಲ್ಲಿ ಹೋಗಿ ಇದೇ ಎರರ್ ನೋಡಬೇಕಾಗುತ್ತದೆ, ಹಾಗಾಗಿ ಈ ಪ್ಯಾಕೇಜುಗಳನ್ನೂ ಅವುಗಳಿಗೆ ಬೇಕಾದ ಇತರ ಪ್ಯಾಕೇಜುಗಳನ್ನೂ ಲ್ಯಾಬ್‌ನಲ್ಲಿರುವ ಅದೇ ಉಬುಂಟು ಆವೃತ್ತಿಯ ಮಷಿನ್‌ನಿಂದಲೇ ಇಳಿಸಿಕೊಂಡು ಹೋಗಿ.

ಎರಡು ಎಲ್‌ಕವ್ ಒಂದೇ ಮಷಿನ್‌ನಲ್ಲಿ ಉಳಿಯುವುದು ಇಲ್ಲಿಯ ದೊಡ್ಡ ಹಳ್ಳ. ಪ್ಯಾಕೇಜಿನದು /ಯುಎಸ್‌ಆರ್/ಬಿನ್‌ನಲ್ಲಿ, ಕೈಯಿಂದ ಹಾಕಿದ್ದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ. ನೀವು ಒಂದನ್ನು ಅಪ್‌ಡೇಟ್ ಮಾಡುತ್ತೀರಿ, ಸ್ಕ್ರಿಪ್ಟ್ ಇನ್ನೊಂದನ್ನು ಓಡಿಸುತ್ತದೆ. ಟೈಪ್ -ಎ ಎಲ್‌ಕವ್ ಅನ್ನುವ ಕಮಾಂಡ್ ಓಡಿಸಿ, ಎಷ್ಟು ಇವೆ ಅಂತ ತಿಳಿಯುತ್ತದೆ. ಬೇಡವಾದದ್ದನ್ನು ತೆಗೆದು, ಹ್ಯಾಶ್ -ಆರ್ ಓಡಿಸಿ, ಇಲ್ಲವೇ ಹೊಸ ಟರ್ಮಿನಲ್ ತೆಗೆಯಿರಿ.

ಪರ್ಲ್ ಗೊಡವೆಯೇ ಬೇಡ ಅನ್ನುವವರು ಪೈಥಾನ್‌ನಲ್ಲಿ ಬರೆದ ಜಿಕವ್‌ಆರ್ ನೋಡಬಹುದು. ಉಬುಂಟು 24.04, ಡೆಬಿಯನ್ 12ರಲ್ಲಿ ಪಿಪ್‌ನಿಂದ ನೇರ ಹಾಕಲು ಹೋದರೆ ಸಿಸ್ಟಮ್ ತಡೆಯುತ್ತದೆ. ಪಿಪ್‌ಎಕ್ಸ್ ಬಳಸಿ, ಇಲ್ಲವೇ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿಕೊಳ್ಳಿ. ತಡೆ ಮುರಿಯುವ ಆಯ್ಕೆ ಹಾಕಬೇಡಿ.

ಹಂತ 5: ಹಳೆಯ ಫೈಲ್ ಅಳಿಸಿ ಹೊಸದಾಗಿ ಬಿಲ್ಡ್ ಮಾಡಿ

ಮೇಕ್ ಕ್ಲೀನ್ ಸಾಕು ಅಂದುಕೊಳ್ಳಬೇಡಿ. ಎಷ್ಟೋ ಮೇಕ್‌ಫೈಲ್‌ಗಳ ಕ್ಲೀನ್ .ಒ ಫೈಲುಗಳನ್ನು, ಅಂದರೆ ಕಂಪೈಲ್ ಆದ ತುಂಡುಗಳನ್ನು, ಮಾತ್ರ ಅಳಿಸುತ್ತದೆ. .ಜಿಸಿಎನ್‌ಒ, .ಜಿಸಿಡಿಎ ಹಾಗೇ ಕೂತಿರುತ್ತವೆ. ಫೈಂಡ್ ಕಮಾಂಡಿನಿಂದ ಇವೆರಡನ್ನೂ ಹುಡುಕಿ ಅಳಿಸಿ. ಬಿಲ್ಡ್ ಫೋಲ್ಡರ್ ಬೇರೆ ಇದ್ದರೆ ಅದನ್ನೇ ಅಳಿಸುವುದು ಇನ್ನೂ ಒಳ್ಳೆಯದು. ಹಳೆಯ .ಜಿಸಿಡಿಎ ಉಳಿದು .ಜಿಸಿಎನ್‌ಒ ಮಾತ್ರ ಹೊಸದಾದರೆ "ಸ್ಟ್ಯಾಂಪ್ ಮಿಸ್‌ಮ್ಯಾಚ್" ಅಂತ ಜಿಕವ್ ಹೇಳುತ್ತದೆ. ಆ ಫೈಲಿನ ಲೆಕ್ಕ ಸೊನ್ನೆ ಅಂತ ರಿಪೋರ್ಟ್‌ನಲ್ಲಿ ಕಾಣುತ್ತದೆ.

ಆಪ್ಟಿಮೈಸೇಷನ್ ನಿಲ್ಲಿಸಿ, -ಒ0 ಹಾಕಿ (ಇಲ್ಲಿ ಒ ದೊಡ್ಡಕ್ಷರ, ಅದರ ಮುಂದಿನದು ಸೊನ್ನೆ). ಕಂಪೈಲರ್ ಕೋಡನ್ನು ವೇಗಕ್ಕಾಗಿ ತಿದ್ದಿದರೆ ಸಾಲುಗಳು ಒಂದರೊಳಗೊಂದು ಸೇರಿಹೋಗುತ್ತವೆ, ಎಣಿಕೆ ನಂಬಲಾಗದು. --ಕವರೇಜ್ ಆಯ್ಕೆಯನ್ನು ಕಂಪೈಲ್‌ನಲ್ಲೂ ಲಿಂಕ್‌ನಲ್ಲೂ ಎರಡು ಕಡೆ ಕೊಡಿ. ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳು) ಬಳಸುವ ಪ್ರೋಗ್ರಾಂ ಆದರೆ -ಎಫ್‌ಪ್ರೊಫೈಲ್-ಅಪ್‌ಡೇಟ್=ಅಟಾಮಿಕ್ ಕೂಡ ಸೇರಿಸಿ. ಇಲ್ಲದಿದ್ದರೆ ಎರಡು ಥ್ರೆಡ್‌ಗಳು ಒಂದೇ ಎಣಿಕೆಯನ್ನು ಒಟ್ಟಿಗೆ ತಿದ್ದಿ ಲೆಕ್ಕ ಹಾಳಾಗುತ್ತದೆ, ಕೆಲವು ಸಲ ಮೈನಸ್ ಸಂಖ್ಯೆಯೇ ಬರುತ್ತದೆ. ಎಲ್‌ಕವ್ 2 ಅದನ್ನು ಕಂಡಕೂಡಲೇ ನಿಂತುಬಿಡುತ್ತದೆ.

ಟೆಸ್ಟ್‌ಗಳನ್ನು ಸುಡೊ ಹಾಕಿ ಓಡಿಸಬೇಡಿ. ಒಂದು ಸಲ ಹಾಗೆ ಓಡಿಸಿದರೆ .ಜಿಸಿಡಿಎ ಫೈಲುಗಳು ರೂಟ್, ಅಂದರೆ ಅಡ್ಮಿನ್, ಹೆಸರಿನಲ್ಲಿ ಹುಟ್ಟುತ್ತವೆ. ಆಮೇಲೆ ನಿಮ್ಮ ಹೆಸರಿನಲ್ಲಿ ಓಡಿಸಿದಾಗ ಅವನ್ನು ತಿದ್ದಲು ಆಗುವುದಿಲ್ಲ. ಡಾಕರ್ ಒಳಗೆ ರೂಟ್ ಆಗಿ ಓಡಿಸಿ ಹೊರಗೆ ಬಂದವರಿಗೂ ಇದೇ ಆಗುತ್ತದೆ.

ಹಂತ 6: ಮೊದಲು ಒಂದು ಸಣ್ಣ ಪ್ರೋಗ್ರಾಂ ಮೇಲೆ ನೋಡಿ

ದೊಡ್ಡ ಪ್ರಾಜೆಕ್ಟ್ ಮೇಲೆ ನೇರ ಓಡಿಸಿದರೆ ನೂರಾರು ಎರರ್ ಬರಬಹುದು, ಯಾವುದು ಟೂಲಿನದು ಯಾವುದು ನಿಮ್ಮ ಕೋಡಿನದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಹತ್ತು ಹದಿನೈದು ಸಾಲಿನ ಒಂದು ಪ್ರೋಗ್ರಾಂ ಬರೆಯಿರಿ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಆಲಮಟ್ಟಿಯನ್ನೇ ತೆಗೆದುಕೊಳ್ಳೋಣ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ದಶಮಾಂಶ ಬೇಡ, ಸೆಂಟಿಮೀಟರ್‌ನಲ್ಲಿ 51960 ಅಂತ ಇಟ್ಟುಕೊಳ್ಳಿ. ಒಂದು ಫಂಕ್ಷನ್‌ಗೆ ನೀರಿನ ಮಟ್ಟ ಮತ್ತು ಒಳಹರಿವು ಕೊಡಬೇಕು. ಮಟ್ಟ 51960 ಮುಟ್ಟಿದ್ದರೆ ಅಥವಾ ಒಳಹರಿವು ನೀವು ಇಟ್ಟ ಮಿತಿ ದಾಟಿದ್ದರೆ ಅದು 1 ಕೊಡಬೇಕು, ಇಲ್ಲದಿದ್ದರೆ 0. ಎರಡು ಷರತ್ತನ್ನೂ ಒಂದೇ ಇಫ್ ಒಳಗೆ "ಅಥವಾ" ಚಿಹ್ನೆಯಿಂದ ಸೇರಿಸಿ. ಈಗ ಎರಡೇ ಟೆಸ್ಟ್ ಬರೆಯಿರಿ: ಒಂದರಲ್ಲಿ ಮಟ್ಟ 52000, ಇನ್ನೊಂದರಲ್ಲಿ ಮಟ್ಟ 51500 ಮತ್ತು ಒಳಹರಿವು ಕಡಿಮೆ.

ಕಂಪೈಲ್ ಮಾಡಿ, ಓಡಿಸಿ. ಇಲ್ಲಿ ಜಿಸಿಸಿ 11ರ ಎರಡನೇ ಬದಲಾವಣೆ ಸಿಗುತ್ತದೆ. ಡ್ಯಾಮ್.ಸಿ ಅನ್ನುವ ಫೈಲನ್ನು ಕಂಪೈಲ್ ಮತ್ತು ಲಿಂಕ್ ಒಂದೇ ಕಮಾಂಡಿನಲ್ಲಿ ಮಾಡಿ -ಒ ಟೆಸ್ಟ್ ಅಂತ ಹೆಸರು ಕೊಟ್ಟರೆ, ಹಳೆಯ ಜಿಸಿಸಿಯಲ್ಲಿ ಡ್ಯಾಮ್.ಜಿಸಿಎನ್‌ಒ ಹುಟ್ಟುತ್ತಿತ್ತು. ಈಗ ಟೆಸ್ಟ್-ಡ್ಯಾಮ್.ಜಿಸಿಎನ್‌ಒ ಹುಟ್ಟುತ್ತದೆ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಬರೆದಂತೆ ಜಿಕವ್ ಡ್ಯಾಮ್.ಸಿ ಅಂತ ಕೊಟ್ಟರೆ ಫೈಲ್ ಇಲ್ಲ ಅನ್ನುತ್ತದೆ. ಮ್ಯಾನ್ಯುಯಲ್ ಬರೆದವರ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಮೊದಲು -ಸಿ ಹಾಕಿ .ಒ ಫೈಲ್ ಮಾಡಿ, ಆಮೇಲೆ ಬೇರೆ ಕಮಾಂಡಿನಲ್ಲಿ ಲಿಂಕ್ ಮಾಡಿ, ಹಳೆಯ ಹೆಸರೇ ಬರುತ್ತದೆ.

ಆಮೇಲೆ ಎಲ್‌ಕವ್ --ಕ್ಯಾಪ್ಚರ್ --ಡೈರೆಕ್ಟರಿ . --ಔಟ್‌ಪುಟ್-ಫೈಲ್ ಒಟ್ಟು.ಇನ್ಫೋ, ಜೊತೆಗೆ --ಆರ್‌ಸಿ ಬ್ರಾಂಚ್_ಕವರೇಜ್=1 (ನಿಮ್ಮದು ಎಲ್‌ಕವ್ 1.15 ಅಥವಾ 1.16 ಆದರೆ ಎಲ್‌ಕವ್_ಬ್ರಾಂಚ್_ಕವರೇಜ್=1). ನಂತರ ಅದೇ ಬ್ರಾಂಚ್ ಆಯ್ಕೆ ಹಾಕಿ ಜೆನ್‌ಎಚ್‌ಟಿಎಂಎಲ್ ಓಡಿಸಿ ಪುಟ ತೆಗೆಯಿರಿ. ಆ ಫಂಕ್ಷನ್ನಿನ ಸಾಲುಗಳೆಲ್ಲ ಓಡಿವೆ, 100 ಶೇಕಡಾ. ಆದರೆ ಕವಲುಗಳ ಲೆಕ್ಕ ನೋಡಿ, ನಾಲ್ಕರಲ್ಲಿ ಮೂರೇ ಆಗಿರುತ್ತದೆ. ಬ್ರಾಂಚ್ ಅಥವಾ ಕವಲು ಅಂದರೆ ಒಂದು ಷರತ್ತು ಹೌದು ಆದಾಗ ಹೋಗುವ ದಾರಿ ಮತ್ತು ಇಲ್ಲ ಆದಾಗ ಹೋಗುವ ದಾರಿ. ಮಟ್ಟ ಕಡಿಮೆ ಇದ್ದು ಒಳಹರಿವು ಮಾತ್ರ ಜಾಸ್ತಿ ಇರುವ ಸಂದರ್ಭವನ್ನು ನಾವು ಟೆಸ್ಟ್ ಮಾಡಿಯೇ ಇಲ್ಲ, ಅಲ್ವಾ? ಮಹಾರಾಷ್ಟ್ರದಲ್ಲಿ ಮಳೆ ಸುರಿದು ಕೃಷ್ಣೆಯಲ್ಲಿ ನೀರು ಏರಿ ಬರುವಾಗ ಮೊದಲು ಎದುರಾಗುವುದೇ ಆ ಸಂದರ್ಭ. ಸಾಲಿನ ಶೇಕಡಾ ಒಂದನ್ನೇ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಎಲ್‌ಕವ್‌ನಲ್ಲಿ ಬ್ರಾಂಚ್ ಲೆಕ್ಕ ತಾನಾಗಿ ಬರುವುದಿಲ್ಲ, ನೀವೇ ಕೇಳಬೇಕು. ಹೇಗೂ ಅಪ್‌ಡೇಟ್ ಮಾಡುತ್ತಿದ್ದೀರಿ, ಇದನ್ನೂ ಶುರು ಮಾಡಿ ಅಂತ ನನ್ನ ಒತ್ತಾಯ.

ಮೂರನೇ ಟೆಸ್ಟ್ ಸೇರಿಸಿ ನಾಲ್ಕಕ್ಕೆ ನಾಲ್ಕು ಬಂದರೆ ಟೂಲ್ ಸರಿಯಾಗಿದೆ.

ಹಂತ 7: ಎಲ್‌ಕವ್ 2ರ ಎರರ್‌ಗಳನ್ನು ಒಂದೊಂದಾಗಿ ಬಿಡಿಸಿ

ಈಗ ನಿಮ್ಮ ಪ್ರಾಜೆಕ್ಟ್ ಮೇಲೆ ಓಡಿಸಿ. 1ರಿಂದ 2ಕ್ಕೆ ಬಂದವರಿಗೆ ಇಲ್ಲಿ ಕೆಲಸ ಜಾಸ್ತಿ.

ಮೊದಲು ಸೆಟ್ಟಿಂಗ್ಸ್ ಹೆಸರು. ಎಲ್‌ಕವ್_ಬ್ರಾಂಚ್_ಕವರೇಜ್ ಅಂತ ಹಳೆಯ ಸ್ಕ್ರಿಪ್ಟ್‌ನಲ್ಲಿ ಇರುವುದು ಈಗ ಬ್ರಾಂಚ್_ಕವರೇಜ್ ಆಗಿದೆ. ಸ್ಕ್ರಿಪ್ಟ್‌ನಲ್ಲೂ .ಎಲ್‌ಕವ್‌ಆರ್‌ಸಿ ಫೈಲ್‌ನಲ್ಲೂ ತಿದ್ದಿ.

"ಅನ್‌ಯೂಸ್ಡ್" ಅನ್ನುವ ಎರರ್. ನೀವು /ಯುಎಸ್‌ಆರ್/* ಫೈಲುಗಳನ್ನು ಲೆಕ್ಕದಿಂದ ತೆಗೆ ಅಂತ ಹೇಳಿರುತ್ತೀರಿ, ಆದರೆ ಲೆಕ್ಕದಲ್ಲಿ ಅಂಥ ಫೈಲ್ ಒಂದೂ ಇರುವುದಿಲ್ಲ. ಹಳೆಯದು ಸುಮ್ಮನಿರುತ್ತಿತ್ತು, ಹೊಸದು ನಿಲ್ಲುತ್ತದೆ. ಇದು ಒಳ್ಳೆಯದೇ. ಆ ನಮೂನೆಯಲ್ಲಿ ಕಾಗುಣಿತ ತಪ್ಪಿದ್ದರೂ ಈಗ ಗೊತ್ತಾಗುತ್ತದೆ. ಬೇಡದ ನಮೂನೆ ತೆಗೆದುಹಾಕಿ. ಹಲವು ಪ್ರಾಜೆಕ್ಟ್‌ಗೆ ಒಂದೇ ಸ್ಕ್ರಿಪ್ಟ್ ಇದ್ದರೆ ಮಾತ್ರ --ಇಗ್ನೋರ್-ಎರರ್ಸ್ ಅನ್‌ಯೂಸ್ಡ್ ಹಾಕಿ.

"ಮಿಸ್‌ಮ್ಯಾಚ್" ಎರರ್ ಸಿ++ ಬರೆಯುವವರಿಗೆ, ಅದರಲ್ಲೂ ಗೂಗಲ್ ಟೆಸ್ಟ್ ಬಳಸುವವರಿಗೆ ಬರುತ್ತದೆ. ಒಂದು ಫಂಕ್ಷನ್ ಎಲ್ಲಿ ಮುಗಿಯುತ್ತದೆ ಅನ್ನುವುದರ ಬಗ್ಗೆ ಎರಡು ಲೆಕ್ಕ ಬೇರೆ ಬೇರೆ ಹೇಳುತ್ತಿವೆ ಅಂತ ಅರ್ಥ. ಮ್ಯಾಕ್ರೋಗಳಿಂದ ಹುಟ್ಟುವ ಟೆಸ್ಟ್ ಫಂಕ್ಷನ್‌ಗಳಲ್ಲಿ ಇದು ಸಾಮಾನ್ಯ. ಎರರ್‌ನಲ್ಲಿ ಕಾಣುವ ಫೈಲ್ ಟೆಸ್ಟ್ ಫೈಲ್ ಆಗಿದ್ದರೆ --ಇಗ್ನೋರ್-ಎರರ್ಸ್ ಮಿಸ್‌ಮ್ಯಾಚ್ ಹಾಕಿ ಮುಂದುವರಿಯಿರಿ. ನಿಮ್ಮ ಮುಖ್ಯ ಕೋಡ್ ಆಗಿದ್ದರೆ 5ನೇ ಹಂತಕ್ಕೆ ವಾಪಸ್ ಹೋಗಿ, ಹಳೆಯ ಫೈಲ್ ಎಲ್ಲೋ ಉಳಿದಿದೆಯಾ ನೋಡಿ.

"ನೆಗೆಟಿವ್" ಬಂದರೆ ಥ್ರೆಡ್ ವಿಷಯ, ಮೇಲೆ ಹೇಳಿದ ಅಟಾಮಿಕ್ ಆಯ್ಕೆ ಹಾಕಿ ಮತ್ತೆ ಬಿಲ್ಡ್ ಮಾಡಿ. ಇದನ್ನು ಮಾತ್ರ ಇಗ್ನೋರ್ ಮಾಡಬೇಡಿ. ಲೆಕ್ಕವೇ ತಪ್ಪಿದೆ ಅಂತ ಟೂಲ್ ಹೇಳುತ್ತಿದೆ, ಅದರ ಮೇಲೆ ಶೇಕಡಾ ತೆಗೆದು ಯಾರಿಗೆ ತೋರಿಸುತ್ತೀರಿ?

ಓಡಿದ ಸಾಲಿನೊಳಗೆ ಓಡದ ತುಂಡು ಇದೆ, ಜೆನ್‌ಇನ್ಫೋ_ಅನ್‌ಎಕ್ಸಿಕ್ಯೂಟೆಡ್_ಬ್ಲಾಕ್ಸ್=1 ಬಳಸಿ ಅನ್ನುವ ಎಚ್ಚರಿಕೆಯೂ ಬರಬಹುದು. ಅದನ್ನು --ಆರ್‌ಸಿ ಜೊತೆ ಹಾಕಿದರೆ ಅಂಥ ಸಾಲನ್ನು ಓಡಿಲ್ಲ ಅಂತ ಎಣಿಸುತ್ತದೆ. ಹಾಕಿದರೆ ಶೇಕಡಾ ಸ್ವಲ್ಪ ಇಳಿಯಬಹುದು ಅನ್ನುವುದು ನೆನಪಿರಲಿ.

ಹುಡುಕಿದಾಗ ಸಿಗುವ ಎಷ್ಟೋ ಉತ್ತರಗಳಲ್ಲಿ ಎಲ್ಲ ಎರರ್‌ಗಳ ಹೆಸರನ್ನೂ ಒಂದೇ ಉದ್ದದ --ಇಗ್ನೋರ್-ಎರರ್ಸ್ ಸಾಲಿನಲ್ಲಿ ಜೋಡಿಸಿ ಕೊಟ್ಟಿರುತ್ತಾರೆ. ಅದನ್ನು ಕಾಪಿ ಮಾಡಬೇಡಿ ಅಂತ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ರಿಪೋರ್ಟ್ ಬರುತ್ತದೆ, ಹಸಿರು ಬಣ್ಣ ಕಾಣುತ್ತದೆ, ಅರ್ಧ ಫೈಲುಗಳು ಓದಲಾಗದೆ ಬಿಟ್ಟುಹೋಗಿರುತ್ತವೆ. ಒಂದೊಂದು ಎರರ್‌ಗೂ ಕಾರಣ ತಿಳಿದ ಮೇಲೆ ಅದೊಂದನ್ನೇ ಸೇರಿಸಿ, ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಬರೆಯಿರಿ.

ಹಂತ 8: ಹೊಸ ಲೆಕ್ಕ, ಹಳೆಯ ಲೆಕ್ಕ ಹೋಲಿಸಿ

2ನೇ ಹಂತದಲ್ಲಿ ಉಳಿಸಿದ್ದನ್ನು ತೆಗೆಯಿರಿ. ಶೇಕಡಾ ಹೋಲಿಸುವ ಮೊದಲು ಫೈಲುಗಳ ಸಂಖ್ಯೆ ಮತ್ತು ಒಟ್ಟು ಸಾಲುಗಳ ಸಂಖ್ಯೆ ಹೋಲಿಸಿ. ಫೈಲುಗಳು ಕಡಿಮೆಯಾಗಿದ್ದರೆ ಯಾವುದೋ ಫೋಲ್ಡರ್ ಬಿಟ್ಟುಹೋಗಿದೆ. ಟೆಸ್ಟ್ ಮುಟ್ಟದ ಫೈಲುಗಳೂ ಲೆಕ್ಕಕ್ಕೆ ಬರಬೇಕಾದರೆ, ಟೆಸ್ಟ್ ಓಡಿಸುವ ಮೊದಲು --ಕ್ಯಾಪ್ಚರ್ --ಇನಿಶಿಯಲ್ ಅಂತ ಒಂದು ಸೊನ್ನೆ ಲೆಕ್ಕ ತೆಗೆದು, ಆಮೇಲೆ ಬಂದದ್ದರ ಜೊತೆ --ಆಡ್-ಟ್ರೇಸ್‌ಫೈಲ್‌ನಿಂದ ಕೂಡಿಸಬೇಕು.

ಫೈಲುಗಳು ಅಷ್ಟೇ ಇದ್ದು ಶೇಕಡಾ ಒಂದೆರಡು ಅಂಕ ಬದಲಾದರೆ ಗಾಬರಿ ಬೇಡ. ಯಾವ ಯಂತ್ರಕೋಡ್ ಯಾವ ಸಾಲಿಗೆ ಸೇರಿದ್ದು ಅನ್ನುವುದನ್ನು ಪ್ರತಿ ಜಿಸಿಸಿ ಸ್ವಲ್ಪ ಬೇರೆ ಬೇರೆ ಹೇಳುತ್ತದೆ. ಸಿ++ನಲ್ಲಿ ಬ್ರಾಂಚ್ ಲೆಕ್ಕ ಇನ್ನೂ ಜಾಸ್ತಿ ಅಲುಗಾಡುತ್ತದೆ, ಯಾಕಂದರೆ ಎಕ್ಸೆಪ್ಷನ್‌ಗಾಗಿ ಕಂಪೈಲರ್ ತಾನೇ ಸೇರಿಸುವ ಕವಲುಗಳೂ ಎಣಿಕೆಗೆ ಬರುತ್ತವೆ. ಎಲ್‌ಕವ್ 2ರಲ್ಲಿ --ಫಿಲ್ಟರ್ ಬ್ರಾಂಚ್ ಹಾಕಿದರೆ ಷರತ್ತೇ ಕಾಣದ ಸಾಲುಗಳ ಮೇಲಿನ ಕವಲುಗಳನ್ನು ಅದು ಬಿಟ್ಟುಬಿಡುತ್ತದೆ.

ಒಂದು ಫೈಲ್ ಪೂರ್ತಿ ಸೊನ್ನೆಯಾಗಿದ್ದರೆ ಪ್ರೋಗ್ರಾಂ ಹೇಗೆ ಮುಗಿಯಿತು ನೋಡಿ. .ಜಿಸಿಡಿಎ ಬರೆಯುವುದು ಪ್ರೋಗ್ರಾಂ ಸರಿಯಾಗಿ ಎಕ್ಸಿಟ್ ಆದಾಗ ಮಾತ್ರ. ಕಿಲ್ -9 ಕೊಟ್ಟರೆ, ಅಬಾರ್ಟ್ ಆದರೆ, ಸಿಗ್‌ಟರ್ಮ್ ಸಿಗ್ನಲ್‌ಗೆ ನಿಮ್ಮ ಕೋಡಿನಲ್ಲಿ ಏನೂ ವ್ಯವಸ್ಥೆ ಇಲ್ಲದಿದ್ದರೆ ಎಣಿಕೆ ಕಳೆದುಹೋಗುತ್ತದೆ.

ಹಂತ 9: ಸಿಐ ಸರ್ವರ್ ಮತ್ತು ಬೋರ್ಡ್‌ಗಳು

ಸಿಐ ಅಂದರೆ ಪ್ರತಿ ಕಮಿಟ್‌ಗೂ ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ಸರ್ವರ್. "ನಾವು ಏನೂ ಅಪ್‌ಡೇಟ್ ಮಾಡಿಲ್ಲ, ಆದರೂ ಕೆಟ್ಟಿತು" ಅನ್ನುವವರು ಇಲ್ಲಿ ನೋಡಿ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಉಬುಂಟು-ಲೇಟೆಸ್ಟ್ ಅಂತ ಬರೆದಿದ್ದರೆ ಅದು 2024ರ ಕೊನೆ, 2025ರ ಆರಂಭದಲ್ಲಿ 22.04ರಿಂದ 24.04ಕ್ಕೆ ಸರಿಯಿತು. ಅದರ ಜೊತೆ ಎಲ್‌ಕವ್ ಕೂಡ 1.15ರಿಂದ 2.0ಕ್ಕೆ ಹೋಯಿತು. ಲೇಟೆಸ್ಟ್ ಬದಲು ಸಂಖ್ಯೆಯನ್ನೇ ಬರೆಯಿರಿ. ಮೂರು --ವರ್ಷನ್ ಕಮಾಂಡುಗಳನ್ನು ಪ್ರತಿ ಸಿಐ ಓಟದ ಮೊದಲಲ್ಲೇ ಓಡಿಸಿ, ಲಾಗ್‌ನಲ್ಲಿ ಉಳಿಯಲಿ.

ಕ್ಲಾಂಗ್ ಕಂಪೈಲರ್ ಬಳಸುವವರು, ಅಂದರೆ ಮ್ಯಾಕ್ ಮತ್ತು ಫ್ರೀಬಿಎಸ್‌ಡಿಯವರು, ಜಿಎನ್‌ಯು ಜಿಕವ್‌ನಿಂದ ಓದಿಸಬೇಡಿ. ಎಲ್‌ಎಲ್‌ವಿಎಂ-ಕವ್ ಜಿಕವ್ ಎಂದು ಕರೆಯುವ ಎರಡು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು ಅದನ್ನು --ಜಿಕವ್-ಟೂಲ್‌ಗೆ ಕೊಡಿ. ಸ್ಕ್ರಿಪ್ಟ್‌ಗೆ ಓಡಿಸುವ ಅನುಮತಿ ಇರಬೇಕು.

ಬೋರ್ಡ್ ಮೇಲೆ ಓಡುವ ಲಿನಕ್ಸ್‌ಗೆ ಕ್ರಾಸ್ ಕಂಪೈಲ್ ಮಾಡುವವರು, ಅಂದರೆ ಒಂದು ಮಷಿನ್‌ನಲ್ಲಿ ಕಂಪೈಲ್ ಮಾಡಿ ಇನ್ನೊಂದರಲ್ಲಿ ಓಡಿಸುವವರು, ಆ ಟೂಲ್‌ಚೈನ್ ಒಳಗೇ ಇರುವ ಜಿಕವ್ ಬಳಸಬೇಕು. ಪಿಸಿಯ ಜಿಕವ್ ನಡೆಯುವುದಿಲ್ಲ. ಬೋರ್ಡ್ ಮೇಲೆ ಪ್ರೋಗ್ರಾಂ .ಜಿಸಿಡಿಎ ಫೈಲನ್ನು ನಿಮ್ಮ ಪಿಸಿಯ ಬಿಲ್ಡ್ ಫೋಲ್ಡರಿನ ವಿಳಾಸದಲ್ಲೇ ಬರೆಯಲು ನೋಡುತ್ತದೆ. ಬೋರ್ಡ್‌ನಲ್ಲಿ ಆ ಫೋಲ್ಡರ್ ಇರುವುದಿಲ್ಲ. ಜಿಕವ್_ಪ್ರಿಫಿಕ್ಸ್ ಅನ್ನುವ ಎನ್ವಿರಾನ್ಮೆಂಟ್ ವೇರಿಯೆಬಲ್‌ಗೆ /ಟಿಎಂಪಿಯಂಥ ಜಾಗ ಕೊಡಿ. ವಿಳಾಸದ ಮುಂದಿನ ಎಷ್ಟು ಫೋಲ್ಡರ್ ಕತ್ತರಿಸಬೇಕು ಅನ್ನುವುದನ್ನು ಜಿಕವ್_ಪ್ರಿಫಿಕ್ಸ್_ಸ್ಟ್ರಿಪ್‌ನಲ್ಲಿ ಹೇಳಿ. ಈ ಎರಡು ಹೆಸರೂ ದೊಡ್ಡಕ್ಷರದಲ್ಲೇ ಇರಬೇಕು. ಆಮೇಲೆ ಫೈಲುಗಳನ್ನು ಪಿಸಿಗೆ ತಂದು .ಜಿಸಿಎನ್‌ಒ ಪಕ್ಕದಲ್ಲಿ ಇಟ್ಟು ಎಲ್‌ಕವ್ ಓಡಿಸಿ.

ಇಷ್ಟು ಮಾಡಿಯೂ ಆಗದೆ ಯಾರನ್ನಾದರೂ ಕೇಳುವಾಗ, 1ನೇ ಹಂತದ ಮೂರು ಉತ್ತರಗಳು, ಕಂಪೈಲ್ ಮಾಡಿದ ಪೂರ್ತಿ ಕಮಾಂಡ್, ಮತ್ತು ಬಂದ ಎರರ್‌ಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು, ಈ ಮೂರನ್ನೂ ಕೊಡಿ. ಕೊನೆಯ ಎರರ್ ಕೊಟ್ಟರೆ ಪ್ರಯೋಜನ ಕಡಿಮೆ, ಅದು ಮೊದಲನೆಯದರಿಂದಲೇ ಹುಟ್ಟಿರುತ್ತದೆ. ಮೊಬೈಲ್‌ನಲ್ಲಿ ತೆಗೆದ ಪರದೆಯ ಫೋಟೋ ಬೇಡ, ಅಕ್ಷರಗಳನ್ನೇ ಕಾಪಿ ಮಾಡಿ ಕಳಿಸಿ.